ಮಗಳಿಗೊಂದು ಪತ್ರ: ಆ ಫೋಟೋ ಫೇಕ್ ಅಲ್ಲ, ಪುಟ್ಟಿ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್, ಇಷ್ಟಕ್ಕೂ ಕಾಗದ ಬರೆಯುತ್ತಾರಾ ಅಂತ ನಗಬೇಡ. ಫೋನಿನಲ್ಲಾದರೆ ನೀನು ಎರಡು ಮಾತಿಗೊಮ್ಮೆ ‘ಗೊತ್ತಪ್ಪಾ’ ಅನ್ನುತ್ತೀಯ. ಕಾಗದದಲ್ಲಿ ಆ ಕಾಟ ಇಲ್ಲ.

ಹಬ್ಬದ ದಿನ ಫ್ಯಾಮಿಲಿ ಗ್ರೂಪಿಗೆ ನಾನೊಂದು ಫೋಟೋ ಹಾಕಿದೆ. ‘ದೀಪಾವಳಿ ರಾತ್ರಿ ಬಾಹ್ಯಾಕಾಶದಿಂದ ಕಂಡ ಭಾರತ.’ ನೀನು ಕೆಳಗೆ ‘ಫೇಕ್ ಅಪ್ಪಾ’ ಅಂತ ಬರೆದೆ. ನಿನ್ನ ಚಿಕ್ಕಪ್ಪ ನಗುವ ಗೊಂಬೆ ನಾಲ್ಕು ಹಾಕಿದ. ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನ ಮರ್ಯಾದೆ ಅಷ್ಟಕ್ಕೇ ಹೋಯಿತು, ಬಿಡು. ಆದರೆ ಆಮೇಲೆ ಕೂತು ಓದಿದೆ. ನೀನು ಹೇಳಿದ್ದು ಅರ್ಧ ಮಾತ್ರ ಸರಿ.

ಆ ಚಿತ್ರ ಒಂದು ರಾತ್ರಿಯದ್ದಲ್ಲ. ಯಾರೂ ಕ್ಯಾಮೆರಾ ಹಿಡಿದು ತೆಗೆದದ್ದೂ ಅಲ್ಲ. ಅಮೆರಿಕದ ಹವಾಮಾನ ಉಪಗ್ರಹಗಳು ವರ್ಷಗಟ್ಟಲೆ ಕೂಡಿಟ್ಟ ಮಾಹಿತಿಯಿಂದ ಕ್ರಿಸ್ ಎಲ್ವಿಡ್ಜ್ ಅನ್ನುವ ವಿಜ್ಞಾನಿ 2003ರಲ್ಲಿ ಜೋಡಿಸಿದ್ದು. 1992ಕ್ಕೂ ಮೊದಲೇ ಇದ್ದ ದೀಪಗಳಿಗೆ ಬಿಳಿ. 1992ರಲ್ಲಿ ಹೊಸದಾಗಿ ಕಂಡವಕ್ಕೆ ನೀಲಿ, 1998ರವಕ್ಕೆ ಹಸಿರು, 2003ರವಕ್ಕೆ ಕೆಂಪು. ನಾನು ಪಟಾಕಿ ಬಣ್ಣ ಅಂದುಕೊಂಡಿದ್ದು ಊರುಗಳು ಬೆಳೆದ ಲೆಕ್ಕ! ನಮ್ಮ ಹಣತೆ, ಸೀರಿಯಲ್ ಸೆಟ್ಟು ಎಲ್ಲ ಸೇರಿದರೂ ಅಷ್ಟು ಮೇಲಿಂದ ನೋಡಿದವರಿಗೆ ಬೇರೆ ದಿನಕ್ಕೂ ಹಬ್ಬಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ.

ಅಂದರೆ ಚಿತ್ರ ನಿಜ, ಕೆಳಗಿನ ಬರಹ ಸುಳ್ಳು. ಫೋಟೋದವನಾಗಿ ಈ ಎರಡನ್ನೂ ಒಂದೇ ‘ಫೇಕ್’ ಅಂತ ಕಟ್ಟಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಮನುಷ್ಯರೇ ಮೇಲೆ ಕೂತು ತೆಗೆದ ರಾತ್ರಿ ಫೋಟೋ ಇಲ್ಲವಾ? ಬೇಕಾದಷ್ಟಿವೆ. ಅವನ್ನು ಹುಡುಕಿ ನೋಡುತ್ತಾ ಮೂರು ರಾತ್ರಿ ನಿದ್ದೆಗೆಟ್ಟೆ. ನಿನ್ನಮ್ಮನ ಬೈಗುಳ ಬೇರೆ.

ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಮದುವೆಯ ರಾತ್ರಿ ಮೆರವಣಿಗೆ ಹಾಳು ಮಾಡಿದ್ದೆ, ನಿನಗೆ ಹೇಳಿಲ್ಲ. ಫ್ಲ್ಯಾಶ್ ಕೈಕೊಟ್ಟಿತು. ಗ್ಯಾಸ್‌ಲೈಟ್ ಬೆಳಕಿನಲ್ಲೇ ಸೆಕೆಂಡಿನ ಎಂಟನೇ ಒಂದು ಭಾಗ ಶಟರ್ ಬಿಟ್ಟು ಕೈಯಲ್ಲೇ ಹೊಡೆದೆ. ರೀಲು ತೊಳೆದು ನೋಡಿದರೆ ಹೆಣ್ಣಿನ ಮುಖ ಕಲಸಿದ ಮುದ್ದೆಯ ಹಾಗೆ ಬಂದಿತ್ತು. ಅವರಪ್ಪ ಅರ್ಧ ದುಡ್ಡೇ ಕೊಟ್ಟರು. ಕೊಟ್ಟಿದ್ದೇ ಜಾಸ್ತಿ.

ಈಗ ಮೇಲಿನವರ ಕಷ್ಟ ಕೇಳು. ಅವರು ಕೂತು ಫೋಟೋ ತೆಗೆಯುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ನಿನ್ನ ಹಾಸ್ಟೆಲ್ಲಿಂದ ನಮ್ಮನೆಗೆ ಆರು ಸೆಕೆಂಡು. ನನ್ನ ಕೈ ನಡುಗಿದ ಆ ಎಂಟನೇ ಒಂದು ಸೆಕೆಂಡಿನಲ್ಲಿ ಅಲ್ಲಿ ಕ್ಯಾಮೆರಾ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಕೆಳಗೆ ಕತ್ತಲು, ಶಟರ್ ಬೇಗ ಮುಚ್ಚಿದರೆ ಬೆಳಕು ಸಾಲದು. ತೆರೆದಿಟ್ಟರೆ ಊರೆಲ್ಲ ಗೆರೆ ಗೆರೆ.

ಡಾನ್ ಪೆಟಿಟ್ ಅಂತ ಒಬ್ಬರು ಗಗನಯಾತ್ರಿ. 2003ರ ಆಸುಪಾಸಿನಲ್ಲಿ ಮೇಲಿದ್ದಾಗ ಅಲ್ಲೇ ಬಿದ್ದಿದ್ದ ಬಿಡಿಭಾಗಗಳನ್ನು ಜೋಡಿಸಿ ಕ್ಯಾಮೆರಾಗೆ ಒಂದು ಸ್ಟ್ಯಾಂಡ್ ಮಾಡಿಕೊಂಡರು. ಅದರ ಬೋಲ್ಟು ತಿರುಗಿಸಲು ಬ್ಯಾಟರಿ ಡ್ರಿಲ್ಲು. ನಿಲ್ದಾಣ ಮುಂದೆ ಹೋದಂತೆ ಕ್ಯಾಮೆರಾ ಅಷ್ಟಷ್ಟೇ ಹಿಂದಕ್ಕೆ ತಿರುಗುತ್ತಾ ಕೆಳಗಿನ ಒಂದೇ ಊರನ್ನು ನೋಡುತ್ತಿರಬೇಕು. ಎತ್ತಿನಗಾಡಿ ಓಟದಲ್ಲಿ ನಾನು ಸೊಂಟ ತಿರುಗಿಸುತ್ತಾ ಫೋಟೋ ಹೊಡೆಯುತ್ತೇನಲ್ಲ, ಅದೇ ಕೆಲಸ. ಅಲ್ಲಿ ಓಡುತ್ತಿರುವುದು ಎತ್ತಲ್ಲ, ಫೋಟೋದವನು. ಆಮೇಲೆ 2012ರಲ್ಲಿ ಯುರೋಪಿನವರು ಇದಕ್ಕೆಂದೇ ಮೋಟರ್ ಇರುವ ಸ್ಟ್ಯಾಂಡ್ ಕಳಿಸಿದರು. ನನ್ನ ಓಟು ಮಾತ್ರ ಡ್ರಿಲ್ಲಿಗೇ.

ಇನ್ನೊಂದು ಓದಿ ನಗು ಬಂತು. ಅಲ್ಲಿ 2010ರಲ್ಲಿ ಜೋಡಿಸಿದ ಏಳು ಕಿಟಕಿಗಳ ಒಂದು ಗೂಡಿದೆ, ಹೆಸರು ಕ್ಯುಪೋಲಾ. 2025ರಲ್ಲಿ ಹೋಗಿದ್ದ ನಮ್ಮ ಶುಭಾಂಶು ಶುಕ್ಲಾ ಅದರಲ್ಲೇ ಇದ್ದ ಫೋಟೋ ಪೇಪರಿನಲ್ಲಿ ಬಂದಿತ್ತು, ನೋಡಿರುತ್ತೀಯ. ರಾತ್ರಿ ಫೋಟೋ ತೆಗೆಯುವಾಗ ಒಳಗಿನ ಒಂದು ಸಣ್ಣ ದೀಪ ಇದ್ದರೂ ಗಾಜಿನಲ್ಲಿ ಅದೇ ಹೊಳೆಯುತ್ತದೆ. ಅದಕ್ಕೆ ದೀಪ ಆರಿಸಿ, ಕಪ್ಪು ಬಟ್ಟೆ ಅಡ್ಡ ಹಾಕಿ, ಲೆನ್ಸನ್ನು ಗಾಜಿನ ಹತ್ತಿರಕ್ಕೆ ಹಿಡಿಯುತ್ತಾರೆ.

ಇದನ್ನು ನೀನು ನೋಡಿದ್ದೀಯ ಪುಟ್ಟಿ! ತಿಥಿಗೆ ದೊಡ್ಡದು ಮಾಡಿಕೊಡಿ ಅಂತ ಹಳೇ ಕಟ್ಟು ಹಾಕಿಸಿದ ಫೋಟೋ ತರುತ್ತಾರಲ್ಲ, ಅದರ ಗಾಜು ಕಾಗದಕ್ಕೆ ಅಂಟಿರುತ್ತದೆ. ಬಿಚ್ಚಿದರೆ ಅಜ್ಜಿಯ ಮುಖವೇ ಕಿತ್ತು ಬರುತ್ತದೆ. ಹಾಗಾಗಿ ಗಾಜಿನ ಮೇಲಿಂದಲೇ ತೆಗೆಯಬೇಕು. ನಿನ್ನಮ್ಮನ ಹಳೇ ಕಪ್ಪು ಸೀರೆ ತುಂಡಿಗೆ ಲೆನ್ಸಿನಷ್ಟು ತೂತು ಮಾಡಿಕೊಂಡಿದ್ದೇನಲ್ಲ, ಚಿಕ್ಕವಳಿದ್ದಾಗ ನೀನು ಅದನ್ನು ಹೊದ್ದು ದೆವ್ವದ ಆಟ ಆಡುತ್ತಿದ್ದೆ. ಅದೇ ವಿದ್ಯೆ, 400 ಕಿಲೋಮೀಟರ್ ಮೇಲೆ.

ಅವರ ರಾತ್ರಿಯೂ ಗಿಡ್ಡ. ಒಂದೂವರೆ ಗಂಟೆಗೆ ಭೂಮಿಗೊಂದು ಸುತ್ತು, ಅದರಲ್ಲಿ ಕತ್ತಲು ಅರ್ಧ ಗಂಟೆ ಚಿಲ್ಲರೆ. ಸಾಲದ್ದಕ್ಕೆ ಅಲ್ಲಿನ ವಿಕಿರಣ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರನ್ನೇ ತಿನ್ನುತ್ತದೆ. ಫೋಟೋದಲ್ಲಿ ಎಲ್ಲೆಂದರಲ್ಲಿ ಬಣ್ಣದ ಚುಕ್ಕಿ, ಕತ್ತಲೆಯಲ್ಲಿ ನಕ್ಷತ್ರವೋ ಏಟು ತಿಂದ ಚುಕ್ಕಿಯೋ ಅಂತ ಅನುಮಾನ ಬರುವ ಹಾಗೆ.

ಇಷ್ಟೆಲ್ಲ ದಾಟಿ ಬಂದ ಫೋಟೋಗಳನ್ನು ನೋಡು. ಹಳೇ ಸೋಡಿಯಂ ದೀಪದ ಊರು ಕಿತ್ತಳೆ, ಎಲ್ಇಡಿ ಹಾಕಿಸಿಕೊಂಡ ಊರು ಬಿಳಿ. ಭಾರತ–ಪಾಕಿಸ್ತಾನ ಗಡಿಯ ಫ್ಲಡ್‌ಲೈಟು ಕಿತ್ತಳೆ ದಾರದ ಹಾಗೆ. ಥಾಯ್ಲೆಂಡ್ ಕೊಲ್ಲಿಯಲ್ಲಿ ಮೀನಿನ ದೋಣಿಗಳ ದೀಪಕ್ಕೆ ಸಮುದ್ರವೇ ಹಸಿರು. ಭೂಮಿಯ ಅಂಚಿಗೆ ತೆಳ್ಳಗೆ ಇನ್ನೊಂದು ಹಸಿರು ಗೆರೆ ಇರುತ್ತದೆ, ಅದನ್ನು ಎಡಿಟಿಂಗ್ ಅಂತ ನಾನೇ ಅಂದುಕೊಂಡಿದ್ದೆ. ಅಲ್ಲ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಆಮ್ಲಜನಕವೇ ಬೀರುವ ಬೆಳಕು.

ಹೋದ ವಾರ ಸಂಜೆ ನಿಲ್ದಾಣ ನಮ್ಮ ತಲೆ ಮೇಲೇ ಹಾದುಹೋಯಿತು. ನಮಗೆ ಕತ್ತಲಾಗಿದ್ದರೂ ಅಷ್ಟು ಮೇಲೆ ಇನ್ನೂ ಬಿಸಿಲು, ಅದಕ್ಕೇ ಹೊಳೆಯುತ್ತದೆ. ಟೆರೇಸಿನಲ್ಲಿ ನಿನ್ನಮ್ಮ ‘ನಮ್ಮ ಬೀದಿ ಅವರಿಗೆ ಕಾಣುತ್ತಾ?’ ಅಂತ ಕೇಳಿದಳು. ಬೀದಿ ಕಾಣಲ್ಲ ಕಣೇ, ಬೆಂಗಳೂರಿನ ಪಕ್ಕ ಮಂಡ್ಯ ಒಂದು ಚುಕ್ಕಿ ಅಂದೆ. ‘ಆ ಏಟು ತಿಂದ ಚುಕ್ಕಿ ಅಲ್ಲ ತಾನೆ?’ ಅಂದಳು. ಉತ್ತರ ಹೊಳೆಯುವಷ್ಟರಲ್ಲಿ ಅದು ಪೂರ್ವದ ತೆಂಗಿನ ಮರದ ಹಿಂದೆ ಹೋಗಿತ್ತು.

ಮುಂದಿನ ಸಲ ಬರುವ ಹೊತ್ತು ನೋಡಿ ಫೋನ್ ಮಾಡುತ್ತೇನೆ, ಹಾಸ್ಟೆಲ್ ಮಾಳಿಗೆಗೆ ಹೋಗಿ ನಿಂತಿರು. ಗ್ರೂಪಿನಲ್ಲಿದ್ದ ಫೋಟೋ ತೆಗೆಯಲಿಲ್ಲ, ಕೆಳಗಿನ ಬರಹ ಸರಿ ಮಾಡಿ ಇನ್ನೊಮ್ಮೆ ಹಾಕಿದ್ದೇನೆ. ನೋಡಿ ಏನಾದರೂ ಬರಿ, ನಿನ್ನ ಚಿಕ್ಕಪ್ಪ ಕಾಯುತ್ತಿದ್ದಾನೆ.

ಮತ್ತೆ, ಆ ಕಪ್ಪು ಸೀರೆ ತುಂಡು ಪೂರ್ತಿ ಹರಿದಿದೆ. ನೀನು ಹಾಕದ ಕಪ್ಪು ದುಪಟ್ಟಾ ಇದೆಯಲ್ಲ, ಶನಿವಾರ ಬರುವಾಗ ತಗೊಂಡು ಬಾ.

ನಿನ್ನ
ಅಪ್ಪ