ಅರ್ಗಾದ ಬಾಗಿಲುಗಳನ್ನು ಎತ್ತಿ ನಿಲ್ಲಿಸಿದ ಎಲ್ಲರಿಗೂ

ತಂಗಿಯ ರಿಸೆಪ್ಷನ್ ತುಂಬಾ ಚೆನ್ನಾಗಿ ಆಯಿತು. ಅಪ್ಪ ಹೋದ ಮೇಲೆ ನಮ್ಮನೆಯಲ್ಲಿ ನಡೆದ ಮೊದಲ ಶುಭಕಾರ್ಯ ಇದು. ಬಂದವರಲ್ಲಿ ಎಷ್ಟೋ ಜನ ಊಟಕ್ಕೆ ಕೂರುವ ಮೊದಲೇ, ಹಳೇ ಫೋಟೋ ತೂಗಿಸಲಿಕ್ಕೆ ಅಂಗಳದಲ್ಲಿ ನಿಲ್ಲಿಸಿದ್ದ ಹಳೇ ಬಾಗಿಲುಗಳನ್ನು ನೋಡಿ, "ಈ ಬಾಗಿಲು ಎಲ್ಲಿ ಸಿಕ್ಕಿತು?" ಅಂತ ಕೇಳಿದರು. ಹಾಗಾಗಿ ಥ್ಯಾಂಕ್ಸ್ ಹೇಳುತ್ತಾ ಆ ಕತೆಯನ್ನೂ ಬರೆದುಬಿಡುತ್ತೇನೆ.

ಅವು ನಮ್ಮವೇ. ಕಾರವಾರದ ಹತ್ತಿರದ ಅರ್ಗಾ ಊರಿನ ಹಳೇ ಮನೆಯವು. ಅಲ್ಲಿ ನೌಕಾಪಡೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಆ ನಡುವಿನ ವರ್ಷಗಳಲ್ಲೇ ಯೋಜನೆಗೆ ಜಾಗ ಬಿಟ್ಟು ಅಜ್ಜ ಮನೆ ಖಾಲಿ ಮಾಡಿದ್ದು. ಹೊರಡುವಾಗ ಹಲಸಿನ ಮರದ ಬಾಗಿಲುಗಳನ್ನು ಕಳಚಿ, ಲಾರಿಗೆ ಹಾಕಿಕೊಂಡು ತೋಡೂರಿಗೆ ಬಂದರಂತೆ. ಹೊಸ ಮನೆಯ ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಅವು ಕೂರಲಿಲ್ಲ, ಮಾರಲಿಕ್ಕೆ ಅಜ್ಜಿ ಒಪ್ಪಲಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇದ್ದವು. ಆಯಿ (ನಮ್ಮಮ್ಮ) ಮಾತ್ರ ಮಳೆಗಾಲಕ್ಕೆ ಮುಂಚೆ ಅವುಗಳ ಬುಡಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದನ್ನು ಬಿಡಲೇ ಇಲ್ಲ. ಇಷ್ಟು ವರ್ಷ ಕಳೆದರೂ ಗೆದ್ದಲು ಹಿಡಿಯದೆ ಉಳಿದಿದ್ದು ಅದರಿಂದ. ಆಯಿ, ಮೊದಲ ಥ್ಯಾಂಕ್ಸ್ ನಿನಗೆ.

ಆಮೇಲೆ ಆಚಾರಿ ಮಾವನಿಗೆ. ಹಳೇ ಬಾಗಿಲಿಗೆ ಬಿಜಾಗರಿ ಇರುವುದಿಲ್ಲ ಅಲ್ವಾ, ಮೇಲೆ ಕೆಳಗೆ ಚಾಚಿದ ಮರದ ಮೂತಿಯೇ ದಾರಂದದ ಗುಳಿಯಲ್ಲಿ ಕೂತು ತಿರುಗುತ್ತದೆ. ದಾರಂದ ಇಲ್ಲದೆ ಅದು ನಿಲ್ಲುವುದೇ ಇಲ್ಲ. ಮೂತಿ ಕೊಯ್ದುಬಿಡಿ ಅಂತ ಒಬ್ಬರು ಸಲಹೆ ಕೊಟ್ಟರು, ಮಾವ ಕೇಳಲಿಲ್ಲ. ದಪ್ಪ ಹಲಗೆಯಲ್ಲಿ ಗುಳಿ ತೋಡಿ ಮೂತಿಯನ್ನು ಅದರಲ್ಲಿ ಕೂರಿಸಿದರು. ಎರಡೆರಡು ಕದಗಳನ್ನು ಅಂಚಿನಲ್ಲಿ ಬಿಜಾಗರಿಯಿಂದ ಸೇರಿಸಿ, ತೆರೆದಿಟ್ಟ ಪುಸ್ತಕದ ಹಾಗೆ ಓರೆಯಾಗಿ ನಿಲ್ಲಿಸಿದರು. ಹಿಂದಿನಿಂದ ಹಲಗೆ ಮೇಲೆ ಮರಳಿನ ಚೀಲ ಹೇರಿಸಿದರು. ಮಧ್ಯಾಹ್ನ ದಾಟಿದರೆ ನಮ್ಮ ಕಡೆ ಕಡಲ ಗಾಳಿ ಜಾಸ್ತಿ, ಮಕ್ಕಳು ಓಡಾಡುವ ಜಾಗ ಬೇರೆ. ಅಷ್ಟು ಭಾರದ ಬಾಗಿಲು ಒಂದಿಷ್ಟೂ ಅಲುಗಲಿಲ್ಲ.

ತೊಳೆದು ಕೊಟ್ಟಿದ್ದು ಚಿಕ್ಕಿಯ ಮಕ್ಕಳು. ಇದನ್ನು ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದ ಹಾಗೇ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಆ ಧೂಳು ಒಳ್ಳೆಯದಲ್ಲ. ಅವರು ಸಾಬೂನು ನೀರಲ್ಲಿ ಬಟ್ಟೆ ಅದ್ದಿ ಒರೆಸಿದರು ಅಷ್ಟೇ. ಅಲ್ಲಲ್ಲಿ ಎದ್ದ ನೀಲಿ ಬಣ್ಣ ಹಾಗೇ ಉಳಿಯಿತು. ನನಗಂತೂ ಅದೇ ಚಂದ ಅನಿಸಿತು.

ಇನ್ನು ಫೋಟೋಗಳು. ಅರ್ಗಾದಲ್ಲಿ ನಮ್ಮ ಅಕ್ಕಪಕ್ಕ ಇದ್ದವರು ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದಾರೆ. ಚಿಕ್ಕಿ ಎಲ್ಲರಿಗೂ ಫೋನು ಮಾಡಿ, ಕೆಲವರ ಮನೆಗೆ ತಾನೇ ಹೋಗಿ, ಆಲ್ಬಂ ಕೇಳಿ ತಂದಳು. ನಂಬಿ ಕೊಟ್ಟಿರಲ್ಲ, ಅದು ಸಣ್ಣ ಮಾತಲ್ಲ. ನಮ್ಮ ಊರಿನ ತೇವಕ್ಕೆ ಕೆಲವು ಫೋಟೋ ಗಾಜಿಗೇ ಅಂಟಿಬಿಟ್ಟಿದ್ದವು. ಅವನ್ನು ಎಳೆಯಲೇಬಾರದು ಅಂದ ಸ್ಟುಡಿಯೋದವರು ಗಾಜಿನ ಮೇಲಿಂದಲೇ ಹೊಳಪು ಬೀಳದ ಹಾಗೆ ತೆಗೆದುಕೊಟ್ಟರು. ಎರಡು ಇಂಚಿಗೆ ಮೂರು ಇಂಚಿನ ಚಿಕ್ಕ ಫೋಟೋಗಳನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ ನಾಲ್ಕು ಇಂಚಿಗೆ ಆರು ಇಂಚಿನ ಅಳತೆಗೆ ಚೆನ್ನಾಗಿ ಪ್ರಿಂಟ್ ಬರುತ್ತದೆ. ಲೈಟು ಬಿದ್ದರೂ ಮುಖ ಕಾಣಲಿ ಅಂತ ಮ್ಯಾಟ್ ಪೇಪರ್. ಅಸಲಿ ಫೋಟೋ ಒಂದನ್ನೂ ಹೊರಗೆ ತೂಗಿಸಲಿಲ್ಲ. ಬಾಗಿಲ ಮುಖಕ್ಕೆ ಮೊಳೆ ಹೊಡೆಯಬಾರದು ಅನ್ನುವುದು ಅಜ್ಜಿಯ ಶರತ್ತು. ಅದಕ್ಕೆ ಚಿಲಕದಿಂದ ಚಿಲಕಕ್ಕೆ ಸೆಣಬಿನ ದಾರ ಕಟ್ಟಿ, ಕಾರವಾರದ ರವಿವಾರ ಸಂತೆಯಲ್ಲಿ ತಂದ ಮರದ ಕ್ಲಿಪ್ ಹಾಕಿ ತೂಗಿಸಿದೆವು. ನಡುನಡುವೆ ಸುರಗಿ ಹೂವಿನ ದಂಡೆ. ಅಂಗಳವೆಲ್ಲ ಘಮ ಅಂತಿತ್ತು.

ತೂಗಿಸುವಾಗ ಒಂದು ಫೋಟೋ ಆಚಾರಿ ಮಾವನ ಕೈಗೆ ಬಂತು. ಅಪ್ಪ ಚಡ್ಡಿ ಹಾಕಿಕೊಂಡು ಬಾಗಿಲ ಮುಂದೆ ನಿಂತಿದ್ದಾನೆ. ಮಾವ ಫೋಟೋದ ಚಿಲಕ ನೋಡಿದರು, ಎದುರಿನ ಚಿಲಕ ನೋಡಿದರು. ಅದೇ ಬಾಗಿಲು! ಅಪ್ಪ ನಿಂತಿದ್ದ ಕದದ ಮೇಲೇ ಆ ಫೋಟೋ ಹಾಕಿದೆವು. ತಂಗಿ ಆ ಮನೆ ನೋಡಿದವಳಲ್ಲ, ಅರ್ಗಾ ಅಂದರೆ ಅವಳಿಗೆ ಹೆದ್ದಾರಿ ಪಕ್ಕದ ಕಾಂಪೌಂಡ್ ಗೋಡೆ ಅಷ್ಟೇ. ಭಾವನ ಜೊತೆ ಅವಳು ಜಾಸ್ತಿ ಹೊತ್ತು ನಿಂತಿದ್ದು ಅಲ್ಲೇ. ಸಂಜೆ ಹಳೇ ನೆರೆಮನೆಯವರೆಲ್ಲ ಬಂದು, ಇದು ನಮ್ಮ ಬಾವಿಕಟ್ಟೆ, ಇವಳು ನಮ್ಮಕ್ಕ ಅಂತ ಬೆರಳಿಟ್ಟು ತೋರಿಸುತ್ತಿದ್ದರೆ ಅಜ್ಜಿ ಕುರ್ಚಿ ಎಳೆಸಿಕೊಂಡು ಅವರ ನಡುವೆ ಕೂತುಬಿಟ್ಟಳು. ಅಪ್ಪ ಇಲ್ಲದ ಮದುವೆ ಹೇಗೆ ಮಾಡುವುದು ಅಂತ ನಾನು ನಿದ್ದೆ ಕೆಟ್ಟಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನೀವು ಹಾಗೆ ಸುತ್ತ ನಿಂತಿದ್ದನ್ನು ನಾನು ಮರೆಯುವುದಿಲ್ಲ.

ಚಪ್ಪರ ಹಾಕಿದವರಿಗೆ, ಅಡುಗೆಯವರಿಗೆ, ಬಾಗಿಲು ಹೊರಲು ಬಂದ ಗೆಳೆಯರಿಗೆ ತುಂಬಾ ಥ್ಯಾಂಕ್ಸ್.

ಆಲ್ಬಂಗಳನ್ನು ಚಿಕ್ಕಿ ಹೆಸರು ಬರೆದು ಕಟ್ಟಿಟ್ಟಿದ್ದಾಳೆ, ಬಂದು ತಗೊಳ್ಳಿ. ಯಾವ ಫೋಟೋದ ಪ್ರತಿ ಬೇಕಿದ್ದರೂ ಹೇಳಿ, ನಾನೇ ಮಾಡಿಸಿ ಕೊಡುತ್ತೇನೆ. ಬಾಗಿಲುಗಳು ಹಲಗೆ ಸಮೇತ ಹಾಗೇ ಇವೆ. ನಿಮ್ಮನೆ ಮದುವೆಗೆ ಬೇಕಾದರೆ ಒಯ್ಯಿರಿ, ಮೊಳೆ ಮಾತ್ರ ಹೊಡೆಯಬೇಡಿ.