ತೋಳದ ಬೆನ್ನು ಹತ್ತಿದ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಕೊಪ್ಪಳದ ಹುಲ್ಲುಗಾವಲು, ಕುರಿಗಾಹಿ, ತೋಳ. ವಸ್ತು ಗಟ್ಟಿ ಇದೆ. ತೊಂದರೆ ಇರೋದು ನಿನ್ನ ತೋಳದಲ್ಲಿ. ಅದು ಮತ್ತೆ ಮತ್ತೆ ಗುಡ್ಡದ ತುದಿಗೆ ಬಂದು, ಚಂದ್ರನನ್ನು ನೋಡಿ ಊಳಿಡುತ್ತದೆ. ಅಷ್ಟು ಪುರುಸೊತ್ತು ಯಾವ ತೋಳಕ್ಕಿದೆ?

ನಮ್ಮ ಬಯಲುಸೀಮೆಯ ತೋಳ ಸಣ್ಣ ಗುಂಪಿನಲ್ಲಿ, ಜನರ ಕಣ್ಣು ತಪ್ಪಿಸಿ ಬದುಕುವ ಪ್ರಾಣಿ. ಮೊಲ, ಕೃಷ್ಣಮೃಗ ಸಿಕ್ಕರೆ ಸರಿ, ಇಲ್ಲದಿದ್ದರೆ ಕುರಿಮರಿ. ತಿಂದು ಬಂದ ಮಾಂಸವನ್ನು ಮರಿಗಳ ಮುಂದೆ ಕಕ್ಕಿ ಉಣಿಸುತ್ತದೆ. ಅದನ್ನು ಬರಿ. ಪೂಜೆ ಬೇಡ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅಂತ ಗಾದೆ ಕಟ್ಟಿದ ಜನ ನಾವು.

ಎರಡನೇ ಅಧ್ಯಾಯದಲ್ಲಿ ತೋಳ ಕುರಿಮರಿ ಹೊತ್ತೊಯ್ದ ರಾತ್ರಿ ನಿನ್ನ ಕುರಿಗಾಹಿ ಸೇಡಿನ ಮಾತಾಡುತ್ತಾನೆ. ಅದು ಸಿನಿಮಾ ಮಾತು. ಬೆಳಗಾದ ಮೇಲೆ ಏನು? ಅರಣ್ಯ ಇಲಾಖೆಯಿಂದ ಪರಿಹಾರ ಬೇಕಾದರೆ ಸತ್ತ ಕುರಿ ತೋರಿಸಬೇಕು. ಮರಿಯನ್ನು ತೋಳವೇ ಎತ್ತಿಕೊಂಡು ಹೋಗಿದೆ, ತೋರಿಸೋದು ಏನನ್ನು? ಸಾಹೇಬರು ಬರುವ ತನಕ ಕಾಯೋಣ ಅಂದರೆ ಹಿಂಡಿಗೆ ಮೇವು, ನೀರು ಬೇಕು. ಮುಂದಿನ ಊರಿನ ರೈತ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಲು ಬೇರೆ ಹೇಳಿ ಕಳಿಸಿದ್ದಾನೆ. ಇವನು ಕಾಯುತ್ತಾನೋ, ಹೊರಡುತ್ತಾನೋ? ಹೆಂಡತಿ ಏನಂತಾಳೆ? ನಿನ್ನ ಕಾದಂಬರಿ ಇರೋದು ಇಲ್ಲಿ ಕಣೋ.

ಹುಲ್ಲುಗಾವಲು ಹಾಳಾದ ಕತೆಯನ್ನು ಮೇಷ್ಟ್ರ ಬಾಯಲ್ಲಿ ಪುಟಗಟ್ಟಲೆ ಹೇಳಿಸಿದ್ದೀಯ. ತೆಗೆದುಹಾಕು. ದಾಖಲೆಯಲ್ಲಿ ಹುಲ್ಲುಗಾವಲು ಪಾಳುಭೂಮಿ ಆಗೋದು, ಅಲ್ಲಿ ಸೋಲಾರ್, ಗಾಳಿಯಂತ್ರ ಬರೋದು, ಹಸಿರು ಮಾಡ್ತೀವಿ ಅಂತ ಗಿಡ ನೆಟ್ಟು ಹುಲ್ಲನ್ನೇ ಸಾಯಿಸೋದು, ಎಲ್ಲ ನಿಜ. ಆದರೆ ಕುರಿಗಾಹಿಗೆ ಇದು ತಿಳಿಯೋದು ಹೋದ ವರ್ಷ ನಡೆದ ದಾರಿಗೆ ಬೇಲಿ ಬಿದ್ದಾಗ. ಆ ಬೇಲಿ ತೋಳಕ್ಕೂ ಅಡ್ಡ. ಕಂಬಳಿ ಕೇಳುವವರು ಕಡಿಮೆಯಾಗಿ, ಕರಿ ಉಣ್ಣೆಯ ಕುರಿ ಬಿಟ್ಟು ಮಾಂಸದ ತಳಿ ಸಾಕುವವರು ಜಾಸ್ತಿಯಾದರು. ಆ ಬದಲಾವಣೆ ನಿನ್ನ ಹಿಂಡಿನಲ್ಲೇ ಕಾಣಬೇಕು, ಅಲ್ವಾ?

ಮೇಲುಕೋಟೆಯಲ್ಲಿ 1974ರಲ್ಲೇ ತೋಳಗಳಿಗಾಗಿ ಅಭಯಾರಣ್ಯ ಮಾಡಿದ್ದರು. ಈಗ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೂ ತೋಳಧಾಮ ಇದೆ. ಆ ಕಡೆ ಹೋಗಿ ಬಾ, ಆದರೆ ತೋಳ ನೋಡೋಕಲ್ಲ. ಸುತ್ತಲಿನ ಕುರಿಗಾಹಿಗಳ ಜೊತೆ ಕೂರು. ರಾತ್ರಿ ಯಾರು ಎಚ್ಚರ ಇರ್ತಾರೆ, ನಾಯಿಗೆ ಏನು ಹಾಕ್ತಾರೆ, ಹೋದ ಮರಿಗಳ ಲೆಕ್ಕ ಯಾರಿಗೆ ಹೇಳ್ತಾರೆ, ಕೇಳು. ಬರೆದುಕೊಳ್ಳೋಕೆ ಮಾತ್ರ ಅವರೆದುರು ನೋಟ್‌ಬುಕ್ ತೆಗೀಬೇಡ, ಸರ್ವೆಯವನು ಅಂದುಕೊಂಡಾರು.

ಮುಂದಿನ ಅಧ್ಯಾಯಕ್ಕೆ ಅವಸರ ಬೇಡ. ಎರಡನೆಯದನ್ನು ತಿದ್ದಿ ಕಳಿಸು, ಹೆಂಡತಿಯ ಮಾತು ಸೇರಿಸಿ.

ನಿನ್ನ ಅಣ್ಣ