ಕಟಕಟೆಯ ಪಕ್ಕದ ಬೆಂಚು: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ಗೆಳತಿ,

ನಿಮ್ಮ ಪತ್ರವೂ ಕಾದಂಬರಿಯ ಮೂರು ಅಧ್ಯಾಯಗಳೂ ತಲುಪಿದವು. ನಿಜ ಹೇಳಬೇಕೆಂದರೆ ಪತ್ರವೇ ಹೆಚ್ಚು ಹಿಡಿಸಿತು. ಕೋರ್ಟಿನ ವರದಿ ಬರೆದೂ ಬರೆದೂ ಕೈ ಜಡ್ಡುಗಟ್ಟಿದೆ, ಸಾಹಿತ್ಯಕ್ಕೆ ಹೊತ್ತೇ ಉಳಿಯುವುದಿಲ್ಲ ಎಂದು ಗೋಳು ತೋಡಿಕೊಂಡಿದ್ದೀರಿ. ಆ ಗೋಳಿನ ನಡುವೆಯೇ ಒಂದು ಸಾಲಿದೆ: ಜೀವನಾಂಶದ ಮೊಕದ್ದಮೆಗೆ ಬಂದ ಹೆಂಗಸು ತನ್ನ ಬಸ್ ಟಿಕೆಟನ್ನು ನ್ಯಾಯಾಧೀಶರತ್ತ ಎತ್ತಿ ಹಿಡಿದಳು ಎಂದು. ಮೂರು ಅಧ್ಯಾಯಗಳಲ್ಲಿ ಹುಡುಕಿದೆ, ಅಂಥ ಸಾಲು ಸಿಗಲಿಲ್ಲ.

ನಿಮ್ಮಂತೆಯೇ ಕೋರ್ಟಿನ ವರದಿ ಬರೆಯುತ್ತಿದ್ದ ಜರ್ಮನ್ ಕಾದಂಬರಿಗಾರ್ತಿ ಗೇಬ್ರಿಯೆಲೆ ಟೆರ್ಗಿಟ್ ಅವರ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. 1894ರಲ್ಲಿ ಬರ್ಲಿನ್‌ನ ಯಹೂದಿ ಮನೆತನದಲ್ಲಿ ಹುಟ್ಟಿದ ಎಲಿಸೆ ಹಿರ್ಶ್‌ಮನ್ ಇಟ್ಟುಕೊಂಡ ಹೆಸರದು. ಜರ್ಮನ್ ಭಾಷೆಯಲ್ಲಿ 'ಗಿಟ್ಟರ್' ಎಂದರೆ ಸರಳುಗಳ ಜಾಲರಿ. ಅದರ ಎರಡು ತುಂಡುಗಳನ್ನು ಹಿಂದುಮುಂದು ಮಾಡಿದರೆ ಟೆರ್ಗಿಟ್. ನನಗಂತೂ ನಮ್ಮ ಕಟಕಟೆಯೇ ಕಣ್ಣಿಗೆ ಬರುತ್ತದೆ. ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ ಆಕೆ 1925ರಿಂದ 'ಬರ್ಲಿನರ್ ಟಾಗೆಬ್ಲಾಟ್' ಪತ್ರಿಕೆಗಾಗಿ ಬರ್ಲಿನ್‌ನ ಮೊಆಬಿಟ್ ಬಡಾವಣೆಯ ಕ್ರಿಮಿನಲ್ ನ್ಯಾಯಾಲಯದಲ್ಲಿ ಕುಳಿತರು. ಪುಡಿ ವಂಚಕರು, ಗರ್ಭಪಾತದ ಆರೋಪ ಹೊತ್ತ ಹೆಂಗಸರು, ಬೀದಿ ಕಾಳಗದ ರಾಜಕೀಯ ಪುಂಡರು: ಬರ್ಲಿನ್ ತಾನಾಗಿಯೇ ಬಂದು ಎದುರು ನಿಂತು ಮಾತಾಡುತ್ತಿತ್ತು, ಆಕೆ ಕೇಳಿಸಿಕೊಂಡರು.

ಆ ಕಿವಿಯ ಫಲ 1931ರ ಮೊದಲ ಕಾದಂಬರಿ. ಪತ್ರಿಕೆಯೊಂದು ಪುಟ ತುಂಬಿಸಲು ಕೇಜೆಬೀರ್ ಎಂಬ ಸಾಮಾನ್ಯ ಹಾಡುಗಾರನ ಮೇಲೆ ಲೇಖನ ಹಾಕುತ್ತದೆ. ಊರೆಲ್ಲ ಅವನ ಹಿಂದೆ ಬೀಳುತ್ತದೆ, ಅವನಿಗಾಗಿ ರಂಗಮಂದಿರ ಏಳುತ್ತದೆ, ಕೊನೆಗೆ ಎಲ್ಲವೂ ದಿವಾಳಿ. ಇಡೀ ಪುಸ್ತಕ ನಡೆಯುವುದು ಹೆಚ್ಚಾಗಿ ಮಾತಿನಲ್ಲೇ. ಮನೆಯಲ್ಲಿ ಕುಳಿತು ಊಹಿಸಿದ ಮಾತುಗಳಲ್ಲ ಅವು.

1933ರ ಮಾರ್ಚ್ ಮೊದಲ ವಾರ ನಾಜಿ ಪಡೆಯವರು ಮನೆಗೆ ನುಗ್ಗಲು ಬಂದರು. ಕಬ್ಬಿಣದಿಂದ ಬಲಪಡಿಸಿದ ಬಾಗಿಲು ಆಕೆಯನ್ನು ಉಳಿಸಿತು. ಮುಂದೆ ಚೆಕೊಸ್ಲೊವಾಕಿಯಾ, ಪ್ಯಾಲೆಸ್ತೀನ್, 1938ರಲ್ಲಿ ಲಂಡನ್. ಈ ಅಲೆದಾಟದ ನಡುವೆ ವರ್ಷಗಟ್ಟಲೆ ಬರೆದದ್ದು 'ಎಫಿಂಗರ್ಸ್', ಬರ್ಲಿನ್‌ನ ಯಹೂದಿ ಕುಟುಂಬದ ನಾಲ್ಕು ತಲೆಮಾರುಗಳ ಕಥೆ. ಯಾವ ಔತಣಕ್ಕೆ ಏನು ಬಡಿಸಿದರು, ಕೋಣೆಯಲ್ಲಿ ಯಾವ ಪರದೆ ಇತ್ತು, ಎಲ್ಲವೂ ಅದರಲ್ಲಿದೆ. ಕೆಲವೆಡೆ ಪೀಠೋಪಕರಣ ಅತಿಯಾಯಿತೆಂದು ನನಗೂ ಅನ್ನಿಸಿದೆ. ಆದರೆ ಆ ಮನೆಗಳೇ ಇಲ್ಲವಾದ ಮೇಲೆ ಬರೆಯುತ್ತಿದ್ದವರಿಗೆ ಹಾಗೆ ಹೇಳಲು ನಾನು ಯಾರು? 1951ರಲ್ಲಿ ಅಚ್ಚಾದಾಗ ಓದುಗರು ಹೆಚ್ಚು ಮೂಸಿ ನೋಡಲಿಲ್ಲ. ಆಕೆ 1982ರಲ್ಲಿ ತೀರಿಕೊಂಡರು; 2019ರ ಮರುಮುದ್ರಣವನ್ನು ಜರ್ಮನರು ಮುಗಿಬಿದ್ದು ಓದಿದರು. ('ಎಫಿಂಗರ್ಸ್' ಅಚ್ಚಾದ ಬಳಿಕ ಆಕೆ ಹಾಸಿಗೆಯ ಇತಿಹಾಸದ ಬಗ್ಗೆಯೂ ಹೂಗಳ ಬಗ್ಗೆಯೂ ಪುಸ್ತಕ ಬರೆದರು. ಬರಹಗಾರರು ಹೊಟ್ಟೆಪಾಡಿಗೆ ಏನೆಲ್ಲ ಬರೆಯುವುದಿಲ್ಲ!)

ನಾನು ನಿಮ್ಮ ವಯಸ್ಸಿನಲ್ಲಿ ಪುರಸಭೆಯ ಸಭೆಗಳನ್ನು ವರದಿ ಮಾಡುತ್ತಿದ್ದೆ. ಆ ಟಿಪ್ಪಣಿ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದೆ, 'ಸಾಹಿತ್ಯ' ಬರೆಯಲು. ನೀವು ನಿಮ್ಮವನ್ನು ಎಸೆಯಬೇಡಿ. ಅಧ್ಯಾಯಗಳನ್ನು ಸದ್ಯಕ್ಕೆ ಬದಿಗಿಡಿ.

ಆ ಹೆಂಗಸು ಯಾವ ಊರಿನಿಂದ ಬಂದಿದ್ದಳು? ಟಿಕೆಟಿನ ದರ ಎಷ್ಟಿತ್ತು? ನ್ಯಾಯಾಧೀಶರು ಅದನ್ನು ಕೈಗೆ ತೆಗೆದುಕೊಂಡರೇ? ಮುಂದಿನ ಪತ್ರದಲ್ಲಿ ತಿಳಿಸಿ.

ನಿಮ್ಮ ಹಿತೈಷಿ